ಕೃಷಿ ಖಾತೆ ಯಾರಿಗೆ ಹೋಯ್ತು

...ಅಲ್ಲ, ನಗಬೇಡ ಅಲ್ಮೂಟ್, ಲೆಕ್ಕ ಹಾಗೇ ಇರೋದು ಕಣೇ. ಹಂದಿ ಸಂತೆಯಲ್ಲಾದ್ರೂ ಒಂದು ನ್ಯಾಯ ಇರುತ್ತೆ, ಬರ್ಲಿನ್‌ನ ಮಂತ್ರಿಮಂಡಲದಲ್ಲಿ ಅದೂ ಇಲ್ಲ. ನೀನು ಆ ಆಸ್ಪರಾಗಸ್ ದಂಟಿನ ಸಿಪ್ಪೆ ಹೆರೀತಾ ಇರು, ನಾನು ಹೇಳ್ತೀನಿ. ಮೂರು ಪಕ್ಷ ಸೇರಿ ಸರ್ಕಾರ ಮಾಡ್ತಿವೆ, ನಮ್ಮ ಪಾಲಿಗೆ ಬಂದದ್ದು ಐದೇ ಖಾತೆ. ಆ ಐದರಲ್ಲಿ ಅರ್ಧ ಹೆಂಗಸರಿರಬೇಕು. ಐದರಲ್ಲಿ ಅರ್ಧ ಹೇಗೆ ಅಂತ ಕೇಳಬೇಡ, ಅದಕ್ಕೇ ಒಂದು ಸಮಿತಿ ಕೂತಿತ್ತು. ಹಳೇ ಪೂರ್ವ ಜರ್ಮನಿ ಕಡೆಯವರು ಒಬ್ಬರಾದ್ರೂ ಬೇಕು. ಪಕ್ಷದ ಎಡಗಡೆಯವರೊಬ್ಬರು, ಬಲಗಡೆಯವರೊಬ್ಬರು, ಇವರಿಬ್ಬರನ್ನೂ ಕಂಡರಾಗದವರೊಬ್ಬರು. ರೈನ್ ನದಿ ದಂಡೆಯವರಿಗೆ ಕೊಡದಿದ್ರೆ ಅವರು ಮುನಿಸ್ಕೋತಾರೆ, ಹ್ಯಾಂಬರ್ಗಿನವರಿಗೆ ಕೊಟ್ರೆ ನಮ್ಮ ಲೋವರ್ ಸ್ಯಾಕ್ಸನಿಯವರು ಮುನಿಸ್ಕೋತಾರೆ. ಹೀಗೆ ಜರಡಿ ಆಡಿಸಿ ಆಡಿಸಿ ಕೊನೆಗೆ ಯಾರು ಉಳಿದ್ರು? ಕೆರ್ಸ್ಟಿನ್ ವೋಲ್ನಿ. ಹೆಂಗಸು, ಪೂರ್ವದವಳು, ಎಡಗಡೆಯವಳು, ಮೇಲಾಗಿ ಮನೆಯಲ್ಲಿ ಕುರಿ ಸಾಕಿದ್ದಾಳಂತೆ. ಕೃಷಿ ಖಾತೆ ಅವಳಿಗೆ. ನಿನ್ನ ಗಂಡ ಹಿನ್ನೆರ್ಕ್ ಬ್ರೋಕ್‌ಮೈಯರ್ ಏನು? ಗಂಡಸು, ಪಶ್ಚಿಮದವನು, ಎಡವೂ ಅಲ್ಲ ಬಲವೂ ಅಲ್ಲ, ಬೊಕ್ಕತಲೆ. ಬೊಕ್ಕತಲೆಯವರಿಗೂ ಒಂದು ಪಾಲು ಇಟ್ಟಿದ್ರೆ ದೇಶದ ಚಾನ್ಸಲರೇ ಆಗಿಬಿಡ್ತಿದ್ದೆ.

ನಗು, ನಗು. ನಾನೂ ನಕ್ಕೆ. ಪ್ರಮಾಣವಚನದ ಕೊನೆಗೆ ದೇವರ ಹೆಸರು ಹೇಳಬೇಕೋ ಬೇಡವೋ ಅಂತ ಬಚ್ಚಲುಮನೆಯಲ್ಲಿ ಎರಡು ಥರವೂ ಹೇಳಿ ನೋಡಿದವನು ನಾನು. ನೀನು ಬಾಗಿಲಾಚೆಯಿಂದ "ದೇವರಿರೋದೇ ಚೆನ್ನಾಗಿದೆ" ಅಂದೆ. ನಾನು ಗಾಬರಿಯಾಗಿ ನಲ್ಲಿ ತಿರುಗಿಸಿದೆ, ಹಲ್ಲುಜ್ಜೋ ಹಾಗೆ. ಊರಿನ ಬ್ಯಾಂಡಿನವರು ಆಗಲೇ ತಾಲೀಮು ಶುರು ಮಾಡಿದ್ರು. ಬೇಕರಿಯವನು ಶುಭವಾಗಲಿ ಅಂತ ಬಾದಾಮಿ ಹಿಟ್ಟಿನಲ್ಲಿ ಹಂದಿ ಮಾಡಿ ಅದರ ಕೊರಳಿಗೆ ಟೈ ಕಟ್ಟಿದ್ದಾನೆ. ಮುಖ ನನ್ನದೇ ಅಂತ ಎಲ್ಲರೂ ಹೇಳ್ತಾರೆ.

ಫೋನಾ? ಇಲ್ಲಪ್ಪ. ಲೋಡೆಮಾನ್ ನಮ್ಮ ಪಕ್ಷದ ಅಧ್ಯಕ್ಷ, ದೊಡ್ಡ ಮನುಷ್ಯ, ಅವನು ಹ್ಯಾನೋವರಿನ ವಿಧಾನಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂರೋನಿಗೆಲ್ಲ ಯಾಕೆ ಫೋನ್ ಮಾಡ್ತಾನೆ? ಕಾರಿನ ರೇಡಿಯೋದಲ್ಲಿ ಕೇಳಿದೆ, ಗೊಬ್ಬರದ ಟ್ಯಾಂಕರ್ ಹಿಂದೆ ಸಿಕ್ಕಿಹಾಕಿಕೊಂಡು. ಕೃಷಿ ಮಂತ್ರಿ ಆಗದವನಿಗೆ ತಕ್ಕ ಜಾಗ.

ನನ್ನದು ಬಿಡು. ನಿನ್ನದು ನೆನೆಸ್ಕೊಂಡ್ರೆ... ಬರ್ಲಿನ್‌ಗೆ ಹೋಗಿ ಆ ದೊಡ್ಡ ಗಾನವೃಂದದವರ ಮುಂದೆ ಹಾಡಿ ಬಂದೆ, ಅವರೂ ಬಾ ಅಂದ್ರು. ಮೂವತ್ತು ವರ್ಷ ನನ್ನ ಸಭೆಗಳಲ್ಲಿ ಕುರ್ಚಿ ಹಾಕಿ, ಸಾಸೇಜ್ ಸುಟ್ಟು, ನನ್ನ ಅದೇ ಭಾಷಣಕ್ಕೆ ಅದೇ ಜಾಗದಲ್ಲಿ ಚಪ್ಪಾಳೆ ತಟ್ಟಿ... ಗಂಡ ಮಂತ್ರಿಯಾದ್ರೆ ಬರ್ಲಿನ್‌ನಲ್ಲಿ ಹಾಡ್ತೀನಿ ಅಂತ ಅದೊಂದೇ ಆಸೆ ಇಟ್ಕೊಂಡಿದ್ದೆ. ನಂಗೆ ಬೇಜಾರಿಲ್ವಾ? ಆದ್ರೆ ಲೆಕ್ಕದ ಮುಂದೆ ಯಾರೇನು ಮಾಡೋಕಾಗುತ್ತೆ.

ಯಾಕೆ, ಚಾಕು ಕೆಳಗಿಟ್ಟೆ?

ಸ್ಟೂಲು ಯಾಕೆ ಎಳ್ಕೋತಿದ್ದೀಯ? ಕಾಲು ಮೇಲಿಡೋಕಾ? ಮಂಡಿ ಕೆಳಗೆ ದಿಂಬು ಬೇರೆ. ಏನಾಯ್ತೇ ಮಂಡಿಗೆ? ಬೆಳಿಗ್ಗೆ ಸೈಕಲ್ ತುಳ್ಕೊಂಡು ಹೋಗಿ ಬ್ರೆಡ್ ತಂದವಳು...

ಓ.

ಲೋಡೆಮಾನ್ ಇಲ್ಲಿಗೆ ಮಾಡಿದ್ನಾ? ಮನೆ ಫೋನಿಗೆ? ನಿನ್ನ ಮಂಡಿ ಹೇಗಿದೆ ಅಂತ ವಿಚಾರಿಸೋಕೆ. ಎಷ್ಟು ಒಳ್ಳೆಯವನು ನೋಡು, ದರಿದ್ರದವನು.

ಹಾಗೆ ನೋಡಬೇಡ. ಸರಿ, ಬಂದಿತ್ತು. ಬುಧವಾರವೇ ಬಂದಿತ್ತು ಫೋನು. ಜರಡಿಗಿರಡಿ ಏನೂ ಇಲ್ಲ, "ಕೃಷಿ ನಿನಗೇ ಬ್ರೋಕ್‌ಮೈಯರ್, ಮತ್ಯಾರಿಗೆ ಕೊಡಲಿ" ಅಂದ. ವೋಲ್ನಿ ಹೆಸರು ಬಂದದ್ದೇ ಆಮೇಲೆ. ನಾನು ಯಾವುದೋ ಹಾಲಿನ ಡೇರಿ ಉದ್ಘಾಟನೆಯಲ್ಲಿದ್ದೆ, ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ಫೋನು. ಹೂಂ ಅನ್ನೋಕೆ ಬಾಯಿ ತೆಗೆದೆ ಕಣೇ, ಆಣೆಗೂ. ಬಾಯಿಂದ ಬಂದದ್ದು ನಿನ್ನ ಮಂಡಿ. "ಹೆಂಡತಿಗೆ ಮಂಡಿ ನೋವು, ಮೆಟ್ಟಿಲು ಹತ್ತೋಕಾಗಲ್ಲ, ಅವಳನ್ನ ಬಿಟ್ಟು ಬರೋದು ಹೇಗೆ." ಅಷ್ಟು ಮಂದಿ ಚಪ್ಪಾಳೆಗೆ ಕೈ ಎತ್ತಿ ಕಾಯ್ತಿದ್ರು, ನಾನು ನಿನ್ನ ಮಂಡಿ ಕತೆ ಹೇಳ್ತಿದ್ದೆ.

ನಿನಗೋಸ್ಕರ ಅಂತ... ಇಲ್ಲ. ಅದನ್ನಂತೂ ಹೇಳಲ್ಲ, ನೀನು ಹಾಗೆ ನೋಡ್ತಿರುವಾಗ ಹೇಳೋಕಾಗಲ್ಲ.

ಹೆದರಿದೆ. ಅಷ್ಟೇ. ಟ್ರ್ಯಾಕ್ಟರ್ ಮೇಲೆ ಹತ್ತಿ ನಿಂತು, ಬಂದ ಬಂದ ಕೃಷಿ ಮಂತ್ರಿಗಳನ್ನೆಲ್ಲ ಬೈದವನು ನಾನು. ಬೈಯೋದು ಚೆನ್ನಾಗಿ ಬರುತ್ತೆ. ಆದ್ರೆ ಅದೇ ಟ್ರ್ಯಾಕ್ಟರುಗಳು ನನ್ನ ಕಚೇರಿ ಕೆಳಗೆ ಬಂದು ಗೊಬ್ಬರ ಸುರಿದ್ರೆ, ಕಿಟಕಿ ತೆಗೆದು ಏನು ಹೇಳಬೇಕು? ಹಾಲಿನ ಬೆಲೆ ಏರಿಸೋದು ಹೇಗೆ ಅಂತ ನಂಗೆ ಗೊತ್ತಿಲ್ಲ ಅಲ್ಮೂಟ್. ಯಾವತ್ತೂ ಗೊತ್ತಿರಲಿಲ್ಲ. "ಬ್ರೋಕ್‌ಮೈಯರ್ ಮಂತ್ರಿಯಾಗಿದ್ರೆ ಹೀಗಾಗ್ತಿರಲಿಲ್ಲ" ಅಂತ ಊರೆಲ್ಲ ಹೇಳುತ್ತಲ್ಲ, ಅದಕ್ಕಿಂತ ಮೆತ್ತನೆ ಕುರ್ಚಿ ಇಡೀ ಜರ್ಮನಿಯಲ್ಲಿಲ್ಲ. ಅದರ ಮೇಲೆ ಹಾಯಾಗಿ ಮುದುಕನಾಗೋಣ ಅಂದ್ಕೊಂಡಿದ್ದೆ.

ಅವನಿಗೆ ಏನಂದೆ ನೀನು? "ಯಾವ ಮಂಡಿ" ಅಂದಿರ್ತೀಯ. ಬರ್ಲಿನ್‌ನಲ್ಲೆಲ್ಲ ನಗ್ತಿರ್ತಾರೆ ಈಗ.

...ಅನ್ನಲಿಲ್ವಾ?

ಕಾಲು ಇಳಿಸು. ಮನೇಲಿ ನಾವಿಬ್ಬರೇ ಇದ್ದೀವಿ, ಇಳಿಸು. ...ನೋವಿದೆ ಅಂದ್ಯಾ? ಹತ್ತೋಕಾಗಲ್ಲ ಅಂದ್ಯಾ ಅವನಿಗೆ? ನನ್ನ ಮಾನ ಉಳಿಸೋಕೆ?

ಹಾಡಿನವರಿಗೆ? ಅವರಿಗೂ ಬರಲ್ಲ ಅಂತ ಹೇಳಿಬಿಟ್ಯಾ?

ಅಲ್ಮೂಟ್, ಈ ಸರ್ಕಾರ ಬೀಳದೆ ಉಳಿದ್ರೆ ನಾಲ್ಕು ವರ್ಷ ಕಣೇ. ನಾಲ್ಕು ವರ್ಷ ಊರಿನ ಮುಂದೆ ಕುಂಟ್ತೀಯಾ? ಒಂದು ಮಾತಾಡು. ಬೈ, ಬೇಕಾದ್ರೆ ಆ ಪಾತ್ರೆ ಎತ್ತಿ ಹೊಡಿ.

ಮತ್ತೆ ದಿಂಬು ಸರಿ ಮಾಡ್ಕೋತೀಯಲ್ಲ.

ಅದು ಬಲಗಾಲು. ನಾನು ಅವನಿಗೆ ಎಡಗಾಲು ಅಂದಿದ್ದೆ.