ಜೋಡಿಯಿಲ್ಲದ ಮೂಗು

ಸನ್ಮಾನ್ಯ ಅಧ್ಯಕ್ಷರೇ, ಬೆಟ್ಟ ಇಳಿದು ಹೊಳೆ ದಾಟಿ ಬಂದಿರುವ ಅತಿಥಿಗಳೇ, ಉಪಾಧ್ಯಾಯ ಮಿತ್ರರೇ, ಟೆಲೆಫೊಮಿನ್ ಸುತ್ತಲ ಹನ್ನೊಂದು ಶಾಲೆಗಳ ಪುಟ್ಟ ಲೆಕ್ಕಿಗರೇ, ಸಭಿಕರೇ,

ಇಪ್ಪತ್ತು ವರ್ಷ ಮಕ್ಕಳಿಗೆ ಲೆಕ್ಕದೊಗಟಿನ ಸ್ಪರ್ಧೆ ನಡೆಸಿದೆನೆಂದು ನೀವೀಗ ನನ್ನ ಹೆಗಲಿಗೆ ಈ ಬಿಲಂ ಚೀಲ ತೊಡಿಸಿದಿರಿ. ಭಾರಿ ಭಾಷಣವನ್ನೇ ಬರೆದು ತಂದಿದ್ದೆ. ಅದು ಜೇಬಿನಲ್ಲೇ ಇರಲಿ. ಹೊರಗೆ ಕಾದ ಕಲ್ಲುಗಳ ಮುಮು ಗುಂಡಿಯಲ್ಲಿ ಹಂದಿಮಾಂಸ ಬೇಯುತ್ತಿದೆ, ಘಮಘಮ ನನ್ನ ಮೂಗಿಗೂ ಬಡಿಯುತ್ತಿದೆ. ಆದರೆ ಇವತ್ತು ಬೆಳಗ್ಗೆ ನಡೆದದ್ದನ್ನು ಹೇಳದಿದ್ದರೆ ನನಗೆ ಒಂದು ತುಂಡೂ ಗಂಟಲಲ್ಲಿ ಇಳಿಯುವುದಿಲ್ಲ.

ಅಂತಿಮ ಸುತ್ತು ನಡೆಯುತ್ತಿತ್ತು. ಗೆದ್ದ ಮಗು ಮುಂದಿನ ತಿಂಗಳು ರಾಜಧಾನಿ ಮೊರೆಸ್ಬಿಗೆ, ದೇಶದ ಸ್ಪರ್ಧೆಗೆ ವಿಮಾನ ಹತ್ತುತ್ತದೆ. ಅರ್ಧ ಗಂಟೆಯೂ ಆಗಿಲ್ಲ, ಕರಾವಳಿಯಿಂದ ಬಂದ ನಮ್ಮ ಕಿರಿಯ ಮೇಷ್ಟ್ರು ಮೊರಿಯಾ, ಹನ್ನೊಂದು ವರ್ಷದ ಒಬ್ಬ ಹುಡುಗಿಯ ರಟ್ಟೆ ಹಿಡಿದು ನನ್ನ ಕೋಣೆಗೆ ನುಗ್ಗಿದರು.

"ಸಾರ್, ಕಳ್ಳಿ ಸಿಕ್ಕಿಬಿದ್ಲು! ಒಂದ್ಸಲ ಕಿವಿ ಮುಟ್ಕೋತಾಳೆ, ಒಂದ್ಸಲ ಮೊಣಕೈ, ಒಂದ್ಸಲ ಮೂಗು. ಹಿಂದಿನ ಬೆಂಚಿಗೆ ಸನ್ನೆ ಮಾಡ್ತಿದಾಳೆ. ಆರನೇ ನಿಯಮ ಸಾರ್, ಪೇಪರ್ ರದ್ದು ಮಾಡಿ!"

ಹುಡುಗಿಯ ಹೆಸರು ಡೋರ್ಕಾಸ್. ಎರಡು ದಿನ ನಡೆದು ಮೇಲಿನ ಕಣಿವೆಯಿಂದ ಬಂದವಳು. ಅದು ನಾನು ಹುಟ್ಟಿದ ಕಣಿವೆಯೂ ಹೌದು. ಅವಳು ಅಳಲಿಲ್ಲ, ಗದರಿದಳು.

"ಸನ್ನೆ ಅಲ್ಲ ಸಾರ್, ಲೆಕ್ಕ! ಒಂದರಿಂದ ಇಪ್ಪತ್ತೇಳರ ತನಕ ಎಲ್ಲ ಕೂಡಿದ್ರೆ ಎಷ್ಟು ಅಂತ ನೀವೇ ಕೇಳಿದ್ದೀರಲ್ಲ? ಈ ಕಿವಿ ಹನ್ನೆರಡು, ಆ ಕಿವಿ ಹದಿನಾರು, ಸೇರಿ ಇಪ್ಪತ್ತೆಂಟು. ಈ ಮೊಣಕೈ ಎಂಟು, ಆ ಮೊಣಕೈ ಇಪ್ಪತ್ತು, ಮತ್ತೆ ಇಪ್ಪತ್ತೆಂಟೇ! ಹಿಂಗೇ ಹದಿಮೂರು ಜೋಡಿ. ಪಾಪ, ಮೂಗಿಗೆ ಮಾತ್ರ ಜೋಡಿ ಇಲ್ಲ, ಅದು ಹದಿನಾಲ್ಕು. ಎಲ್ಲ ಸೇರಿ ಮುನ್ನೂರ ಎಪ್ಪತ್ತೆಂಟು. ತಪ್ಪಾ?"

ಅಯ್ಯೋ ದೇವರೇ! ತಪ್ಪೇ? ಸಭಿಕರೇ, ನಾನು ಕುರ್ಚಿಯಿಂದ ಹಾರಿ ನಿಂತೆ! ಇಪ್ಪತ್ತೇಳು ಸಂಖ್ಯೆಗಳನ್ನು ಒಂದೊಂದಾಗಿ ಕೂಡಿ ಬೆವರಿದ ಮಕ್ಕಳನ್ನು ಕಂಡಿದ್ದೇನೆ. ಜೋಡಿ ಮಾಡುವ ಉಪಾಯ ಹೇಳಿಕೊಡಲು ನನಗೆ ಒಂದು ವಾರ ಬೇಕು. ಇವಳು ಅದನ್ನು ತನ್ನ ಮೈಮೇಲೆ ಕಂಡುಕೊಂಡಿದ್ದಳು, ತಾನೇ, ಯಾರೂ ಹೇಳಿಕೊಡದೆ.

ನಮ್ಮ ಕಣಿವೆಯ ಎಣಿಕೆ ಮೈಮೇಲೆಯೇ: ಹೆಬ್ಬೆರಳು ಒಂದು, ಅಲ್ಲಿಂದ ತೋಳು ಹತ್ತಿ, ಮೂಗು ದಾಟಿ ಇಳಿದು, ಆಚೆ ಕೈಯ ಕಿರುಬೆರಳಿಗೆ ಇಪ್ಪತ್ತೇಳು. ನಮ್ಮಜ್ಜಿ ಹಂದಿಮರಿಗಳನ್ನು ಎಣಿಸುತ್ತಿದ್ದುದು ಹೀಗೆಯೇ. ಹಾಗಾದರೆ ನಾನು ಪ್ರಶ್ನೆಯಲ್ಲಿ ಇಪ್ಪತ್ತೇಳನ್ನೇ ಯಾಕೆ ಇಟ್ಟೆ? ಇಪ್ಪತ್ತೈದು ಇಡಬಹುದಿತ್ತು, ಮೂವತ್ತು ಇಡಬಹುದಿತ್ತು. ನಿಜವಾಗಿಯೂ ನನಗೆ ಗೊತ್ತಿಲ್ಲ.

ಒಂದನೇ ತರಗತಿಯಲ್ಲಿ ನಾನು ಹೀಗೆ ಎಣಿಸಿದಾಗ ಮೇಷ್ಟ್ರು ಬೆತ್ತದಿಂದ ಮೊಣಕೈಗೇ ಬಾರಿಸಿದ್ದರು. "ತಲೇಲಿ ಎಣಿಸೋ, ಕಾಡುಪ್ರಾಣಿ!" ಎಂದಿದ್ದರು. ಅಂದಿನಿಂದ ತಲೆಯಲ್ಲೇ ಎಣಿಸಿದೆ. ಬಹುಮಾನ ಪಡೆದೆ, ಮೇಷ್ಟ್ರಾದೆ, ಇಗೋ ಇಲ್ಲಿ ನಿಂತಿದ್ದೇನೆ.

ಮತ್ತು ಆ ಆರನೇ ನಿಯಮ, 'ಪರೀಕ್ಷೆಯ ವೇಳೆ ಮುಖ, ಮೈ ಮುಟ್ಟಿಕೊಂಡವರನ್ನು ಹೊರಗೆ ಕಳಿಸತಕ್ಕದ್ದು' ಎಂಬುದು, ಬರೆದವರು ಯಾರು? ಮೊರಿಯಾ ಅಲ್ಲ. ನಾನು. ನಕಲು ತಡೆಯಲು ಎಂದು ಎಲ್ಲರಿಗೂ ಹೇಳಿದ್ದೆ. ಸುಳ್ಳು, ಶುದ್ಧ ಸುಳ್ಳು. ಕರಾವಳಿಯವರ ಮುಂದೆ ನಮ್ಮ ಮಕ್ಕಳು ಮೂಗು ಮುಟ್ಟಿ ಎಣಿಸಿದರೆ ನನಗೆ ನಾಚಿಕೆಯಾಗುತ್ತಿತ್ತು.

ಆ ನಿಯಮವನ್ನು ಬೆಳಗ್ಗೆಯೇ ಹೊಡೆದುಹಾಕಿದೆ. ಡೋರ್ಕಾಸ್ ಬೆಂಚಿಗೆ ಮರಳಿ, ಕಿವಿ ಮೊಣಕೈ ಎಲ್ಲ ಧಾರಾಳವಾಗಿ ಮುಟ್ಟಿಕೊಂಡು ಬರೆದಳು. ಹನ್ನೆರಡರಲ್ಲಿ ಹನ್ನೊಂದು ಸರಿ! ಮೊದಲ ಸ್ಥಾನ ಅವಳದೇ! ತಿದ್ದಿದವರು ಯಾರು ಗೊತ್ತೇ? ಮೊರಿಯಾ ಮೇಷ್ಟ್ರೇ. ತಿದ್ದಿ ಮುಗಿಸಿ, ಈಗ ತಾವೂ ಕಿವಿ ಹಿಡಿದುಕೊಂಡು ಎಣಿಕೆ ಕಲಿಯುತ್ತಿದ್ದಾರೆ. ಹೂಂ, ಚಪ್ಪಾಳೆ ತಟ್ಟಿ, ಜೋರಾಗಿ ತಟ್ಟಿ!

ಸಾಕು. ಇನ್ನೊಂದು ಮಾತಿದೆ. ಫಲಿತಾಂಶ ಹೇಳಿದಾಗ ಡೋರ್ಕಾಸ್ ಕುಣಿಯಲಿಲ್ಲ. ನನ್ನ ಅಂಗಿ ಜಗ್ಗಿ ಕೇಳಿದಳು.

"ಸಾರ್, ಹೋದ ವರ್ಷ ನಮ್ಮಕ್ಕ ನವೋಮೀನೂ ಹಿಂಗೇ ಹೊರಗೆ ಹಾಕಿದ್ರಲ್ಲ. ಕಳ್ಳಿ ಅಂದ್ರು. ಅವಳು ಆಮೇಲೆ ಶಾಲೆಗೇ ಬರಲಿಲ್ಲ. ದಿನಾ ಗೆಣಸು ಅಗೀತಾಳೆ. ಅವಳದೂ ಲೆಕ್ಕಾನೇ ಅಲ್ವಾ?"

ನಾನು ಹೋಗಿ ಹೋದ ವರ್ಷದ ಪೆಟ್ಟಿಗೆ ತೆರೆದೆ. ನವೋಮಿಯ ಪತ್ರಿಕೆ ಸಿಕ್ಕಿತು, ಅಡ್ಡಕ್ಕೆ ಕೆಂಪು ಗೀಟು, ಕೆಳಗೆ ನನ್ನದೇ ಸಹಿ. ಏಳು ಪ್ರಶ್ನೆ ಬರೆದಿದ್ದಾಳೆ. ಏಳೂ ಸರಿ. ಎಂಟನೆಯದರಲ್ಲಿ ಒಂದೇ ಅಂಕಿ ಬರೆದಿದ್ದಾಳೆ, ಅಷ್ಟರಲ್ಲಿ ಎಬ್ಬಿಸಿದ್ದೇವೆ.

ಅಧ್ಯಕ್ಷರು ಕ್ಷಮಿಸಬೇಕು, ನಾಳೆ ಅತಿಥಿಗಳಿಗೆ ಇಟ್ಟುಕೊಂಡಿರುವ ಔತಣಕ್ಕೆ ನಾನಿರುವುದಿಲ್ಲ. ಡೋರ್ಕಾಸಳ ಜೊತೆ ಅವಳ ಮನೆಗೆ ನಡೆದುಹೋಗುತ್ತೇನೆ. ನವೋಮಿಗೆ ಇನ್ನೂ ಹದಿಮೂರು, ಸ್ಪರ್ಧೆಗೆ ವಯಸ್ಸಿದೆ. ಅವಳ ಮುಂದೆ ನಿಂತು, "ಕದ್ದವಳು ನೀನಲ್ಲ ಮಗಳೇ, ಸುಳ್ಳು ಹೇಳಿದವನು ನಾನು" ಎನ್ನುತ್ತೇನೆ. ಬಾಗಿಲು ಹಾಕಿಕೊಂಡರೆ ಹೊರಗೆ ಕೂರುತ್ತೇನೆ.

ಇಷ್ಟು ಹೊತ್ತು ಈ ಮುದುಕನನ್ನು ಸಹಿಸಿಕೊಂಡ ನಿಮಗೆಲ್ಲ ನಾನು ಋಣಿ. ಮೊರೆಸ್ಬಿಯ ವಿಮಾನದಲ್ಲಿ ಮಗುವಿನ ಜೊತೆಗೆಂದು ನನ್ನ ಹೆಸರಿಗೆ ಒಂದು ಸೀಟು ಇಟ್ಟಿದ್ದಿರಿ. ಆ ಹೆಸರು ಹೊಡೆದು ನವೋಮಿ ಎಂದು ಬರೆದಿದ್ದೇನೆ. ಬರುತ್ತಾಳೋ ಇಲ್ಲವೋ ಗೊತ್ತಿಲ್ಲ, ಸೀಟು ಮಾತ್ರ ಅವಳದೇ. ನಮಸ್ಕಾರ.