ಏಳನೇ ಚಿತ್ರದ ಹಸು

ನಗೋರು ಈಗಲೇ ಎದ್ದು ಹೋಗಿ. ಇದು ನಮ್ಮ ದೊಡ್ಡಪ್ಪನ ಮಗ ಚಿನ್ನಪ್ಪನಿಗೆ ಆದದ್ದು. ಎಪ್ಪತ್ತೆಂಟನೇ ಇಸವಿ. ಆ ಕರುವನ್ನ ನಾನೇ ಕಣ್ಣಾರೆ ನೋಡಿದ್ದೀನಿ.

ಚಿನ್ನಪ್ಪ ಗೋಡೆ ಮೇಲೆ ಚಿತ್ರ ಬರೆಯೋನು. ಬಾಗಲೂರಿನಾಚೆ ಒಬ್ಬ ಜಮೀನ್ದಾರರು ತಮ್ಮ ಬಂಗಲೆಯ ಹಜಾರದಲ್ಲಿ ಕೃಷ್ಣನ ಕತೆಯನ್ನ ಏಳು ಚಿತ್ರವಾಗಿ ಬರೆಸುತ್ತಿದ್ದರು. ಆರು ಮುಗಿದಿತ್ತು. ಏಳನೆಯದರಲ್ಲಿ ಕೃಷ್ಣನ ಪಕ್ಕ ಒಂದು ಕಾವಿ ಬಣ್ಣದ ಹಸು. ಅವತ್ತು ಸಂಜೆ ಜಮೀನ್ದಾರರು ಅದನ್ನೇ ನೋಡುತ್ತಾ ನಿಂತು, "ಕನ್ನು ವೇಂಡಾಂ" ಅಂದರು. ಅವರದು ತಮಿಳು, ಇವನಿಗೆ ಅರೆಬರೆ. ಬೇಡ ಅಂದದ್ದು ತಿಳಿಯಿತು. ಕನ್ನು?... ಕಣ್ಣೇ ಇರಬೇಕು ಅಂದುಕೊಂಡ. ದೊಡ್ಡವರನ್ನ ಯಾಕೆ ಅಂತ ಕೇಳೋದುಂಟೇ? ಕಣ್ಣಿನ ಜಾಗ ಖಾಲಿ ಬಿಟ್ಟು ಕುಂಚ ತೊಳೆದ.

ಅವನ ಜೀವವೆಲ್ಲ ಮನೆಯಲ್ಲಿತ್ತು. ಅವನ ಹಸು ಕರು ಹಾಕಿ ಸತ್ತು ಮೂರು ದಿನ. ಹೆಂಡತಿ ಪಿಳ್ಳಮ್ಮ ಬಿದಿರಿನ ಗೊಟ್ಟದಲ್ಲಿ ಹಾಲು ಹುಯ್ದರೆ ಕರು ಉಗುಳುತ್ತಿತ್ತು. ಆ ರಾತ್ರಿ ಕಳೆದರೆ ಹೆಚ್ಚು.

ಆಲದ ಮರ ದಾಟಿ ಬಾವಿ ಹತ್ತಿರ ಬಂದ... ಹಿಂದೆ ಗೊರಸಿನ ಸದ್ದು. ಟಪ್... ಟಪ್. ನಿಂತ. ಅದೂ ನಿಂತಿತು. ನಡೆದ. ಟಪ್... ಟಪ್... ಧಡ್! ಬಾವಿಕಟ್ಟೆಗೆ ಏನೋ ಡಿಕ್ಕಿ ಹೊಡೆಯಿತು. ತಿರುಗಿದರೆ ಬೆಳದಿಂಗಳಲ್ಲಿ ದಾರಿ ಖಾಲಿ. ಅಂಗೈಯನ್ನ ಯಾರೋ ಮೂಸಿದ ಹಾಗೆ ಬಿಸಿ ಉಸಿರು... ಹಸಿ ಬಣ್ಣದ ವಾಸನೆ.

ಓಡಿದ. ಬಾಗಿಲಿಗೆ ಅಗುಳಿ ಹಾಕಿದ. ಹೊರಗೆ ಗೋಡೆಗೆ ಧಡ್... ಧಡ್. ಒಳಗೆ, ಬೆಳಗಿನಿಂದ ತಲೆಯನ್ನೇ ಎತ್ತದಿದ್ದ ಕರು 'ಅಂಬಾ' ಅಂದಿತು.

"ಏನಯ್ಯಾ ಅದು?" ಪಿಳ್ಳಮ್ಮ ಪಿಸುಗುಟ್ಟಿದಳು.

"ಜಮೀನ್ದಾರ್ರು ಕನ್ನು ವೇಂಡಾಂ ಅಂದ್ರು... ಹಸೂಗೆ ಕಣ್ ಬರೀದೇ ಬಂದ್ಬುಟ್ಟೆ."

ಪಿಳ್ಳಮ್ಮ ಕೃಷ್ಣಗಿರಿ ಕಡೆಯವಳು, ತಮಿಳು ಬಲ್ಲವಳು. ಹಣೆ ಚಚ್ಚಿಕೊಂಡಳು. "ಕನ್ನು ಅಂದ್ರೆ ಕರು ಕಣಯ್ಯಾ! ಇದ್ದೊಬ್ಬ ಮಗ ಸತ್ತೋದ್ನಲ್ಲ ಅವರ್ಗೆ... ತಾಯಿ ಮಗ್ಗುಲಾಗೆ ಕರು ನೋಡಕ್ಕಾಗ್ದೆ ಬ್ಯಾಡ ಅಂದವ್ರೆ. ನೀನು ಕಣ್ಣೂ ಕಿತ್ಕೊಂಬುಟ್ಯಲ್ಲ!"

ಅವನು ಹಿತ್ತಲ ಬಾಗಿಲಿಂದ ಬಂಗಲೆಗೆ ಓಡಿದ. ಕಾವಲಿನ ಮುದುಕ ಪಾಪಣ್ಣ ಬೈಯುತ್ತಲೇ ಬಾಗಿಲು ತೆಗೆದು ಲಾಂದ್ರ ಹಿಡಿದ. ಚಿನ್ನಪ್ಪ ಹಸುವಿಗೆ ಎರಡೂ ಕಣ್ಣು ಬರೆದ.

ಅವನು ವಾಪಸು ಬರುವಾಗ ಕೋಳಿ ಕೂಗುತ್ತಿತ್ತು. ಪಿಳ್ಳಮ್ಮ ಹಿತ್ತಲ ಅಗುಳಿ ತೆಗೆದು ಮತ್ತೆ ಮೂಲೆಯಲ್ಲಿ ಮುದುರಿ ಕೂತಳು.

"ಧಡ್ ಅನ್ನೋದು ನಿಂತೋಯ್ತು," ಅಂದಳು. "ಆಮೇಲೆ ಒಳಗೇ... ಚಪ್ ಚಪ್ ಅಂತ ಕುಡಿಯೋ ಸದ್ದು. ನಾ ಕಣ್ ಬಿಡ್ಲಿಲ್ಲ ಕಣಯ್ಯಾ."

ಮುಂಬಾಗಿಲ ಅಗುಳಿಯೂ ಹಾಕಿದ ಹಾಗೇ ಇತ್ತು. ಕರುವಿನ ಹೊಟ್ಟೆ ತುಂಬಿತ್ತು. ಚಿನ್ನಪ್ಪ ಅದರ ಕುತ್ತಿಗೆ ತಬ್ಬಿಕೊಂಡು ಅತ್ತುಬಿಟ್ಟ.

ನಂಬಿ, ಬಿಡಿ. ಆ ಕರು ಬದುಕಿತು, ದೊಡ್ಡದಾಗಿ ಆರು ಸಲ ಈಯಿತು. ಅದರ ಮೂತಿಗೆ ಅಂಟಿದ್ದ ಕಾವಿ ಬಣ್ಣವನ್ನ ನಾನೇ ಸೀಗೆಪುಡಿ ಹಾಕಿ ಉಜ್ಜಿದ್ದೀನಿ. ಹೋಗಲಿಲ್ಲ.