ವಾಡೆಗೆ ಮುಟ್ಟದ ಸುದ್ದಿ

ಲೈಟ್ ಆರಿಸಬ್ಯಾಡ್ರಿ. ನಾನು ಬೀದರದಲ್ಲಿ ಬಿ.ಎಸ್ಸಿ. ಮಾಡಿದವಳು, ದೆವ್ವ ಇಲ್ಲ ಅಂತ ನನಗೆ ಗೊತ್ತು. ಆದರೆ ಅದು ದೆವ್ವಕ್ಕೂ ಗೊತ್ತಿರಬೇಕಲ್ಲ...

ಇದು ನನ್ನ ಚಿಕ್ಕಪ್ಪನ ಮಗ ಸಂಘಪಾಲನಿಗೆ ಆದದ್ದು. ಹೋದ ವರ್ಷ. ಅವನು ಭಾಲ್ಕಿಯ ಒಂದು ಶಾಲೆಯಲ್ಲಿ ಲೆಕ್ಕ ಕಲಿಸುತ್ತಾನೆ. ಕಡೆಯ ಬಸ್ಸು ಅವನನ್ನು ಮೆಹಕರದ ಆಚೆ, ನಮ್ಮೂರ ಕ್ರಾಸಿನಲ್ಲಿ ಇಳಿಸಿತು. ಅಲ್ಲಿಂದ ನಡಿಗೆ. ಮನೆಯಲ್ಲಿ ಹೆಂಡತಿ ಆಮ್ರಪಾಲಿ, ಹಸಿ ಬಾಣಂತಿ. ಮಗ್ಗುಲಲ್ಲಿ ಕೂಸು. ಬೇರೆ ಯಾರೂ ಇಲ್ಲ.

ಆಲದ ಮರದ ಹತ್ತಿರ ಬಂದಾಗ ಮುಂದೆ ಸದ್ದು. ಛಿಲ್... ಛಿಲ್... ಗೆಜ್ಜೆ ಕಟ್ಟಿದ ಕೋಲು ನೆಲಕ್ಕೂರುವ ಸದ್ದು. ಒಬ್ಬ ಮುದುಕ, ಹೆಗಲಿಗೆ ಕಂಬಳಿ, ಊರ ಕಡೆ ಹೊರಟಿದ್ದ.

ಇಲ್ಲಿ ನಮ್ಮ ಓಣಿಯ ಮಾತು ಒಂದಿಷ್ಟು ಹೇಳಬೇಕು. ಹಿಂದೆ ದೊಡ್ಡವರ ಮನೆಯಲ್ಲಿ ಯಾರು ಸತ್ತರೂ ಬೀಗರ ಊರಿಗೆ ಸುದ್ದಿ ಒಯ್ಯುವ ಕೆಲಸ ನಮ್ಮವರದು. ಗೆಜ್ಜೆಕೋಲು ಹಿಡಿದು ನಡೆಯಬೇಕು. ಬಾಗಿಲ ಹೊರಗೆ ನಿಂತು ಸತ್ತವರ ಹೆಸರು ಕೂಗಬೇಕು. ಸಾವು ಒಳಗೆ ಹೋಗಬಹುದಿತ್ತು, ತಂದವನು ಹೋಗುವಂತಿರಲಿಲ್ಲ. ಬೌದ್ಧರಾದ ಮೇಲೆ ಹಿರಿಯರು ಆ ಕೋಲುಗಳನ್ನೆಲ್ಲ ಒಲೆಗೆ ಹಾಕಿದರು. ಎರಡು ನಂಬಿಕೆ ಮಾತ್ರ ಸುಡದೆ ಉಳಿದವು. ಮುಟ್ಟದ ಸುದ್ದಿ, ಹೊತ್ತವನ ಮನೆತನಕ್ಕೇ ತಿರುಗಿ ಬಂದು ಒಂದು ಜೀವ ತಗೋತದ. ಮತ್ತೆ, ಕೋಲು ಹಿಡಿದು ಹೋಗುವವನನ್ನು ‘ಎಲ್ಲಿಗೆ’ ಅಂತ ಕೇಳಬಾರದು. ಕೇಳಿದವನು ಸುದ್ದಿ ಒಪ್ಪಿಕೊಂಡ ಹಾಗೆ.

ಸಂಘಪಾಲ ಮಾಸ್ತರ. ಹಿರಿಯರನ್ನು ಮಾತಾಡಿಸದೆ ದಾಟಿ ಹೋಗುವವನಲ್ಲ.

“ಎಲ್ಲಿಗೆ ಹೊಂಟೀರಿ ಮುತ್ಯಾ?”

ಗೆಜ್ಜೆ ನಿಂತಿತು.

“ನಿನ್ನ ಮನಿಗೇ. ಸುದ್ದಿ ಅದ.”

ಮುದುಕ ತಿರುಗಿದ. ಕೆಳದವಡೆ ಒಂದು ಕಡೆ ಜೋತುಬಿದ್ದಿತ್ತು. ಮಾತು ಗಂಟಲಿನಿಂದ ಬಂದಿತ್ತು.

ದವಡೆ ನೋಡಿದ ಕೂಡಲೇ, ಮನೆಯಲ್ಲಿ ಕೇಳಿದ್ದ ಕಥೆಯಿಂದ ಗುರುತು ಸಿಕ್ಕಿತು. ಪಂಢರಿ ಮುತ್ಯಾ, ನಮ್ಮ ಅಜ್ಜನ ಅಣ್ಣ. ಆ ಕಾಲದಲ್ಲಿ ನಮ್ಮೂರ ಗೌಡರ ಮಗಳ ಲಗ್ನ, ಹಳ್ಳದ ಆಚೆ ಊರಿನ ವಾಡೆಯಲ್ಲಿ, ಗಂಡಿನವರ ದೊಡ್ಡ ಮನೆಯಲ್ಲಿ. ಜಡ್ಡಾಗಿ ಇಲ್ಲೇ ಉಳಿದಿದ್ದ ಹುಡುಗಿಯ ತಾಯಿ ಹಿಂದಿನ ರಾತ್ರಿ ತೀರಿಕೊಂಡಳು. ಸುದ್ದಿ ಒಯ್ದವನು ಪಂಢರಿ ಮುತ್ಯಾ. ಸೂತಕ ಬಂದರೆ ಲಗ್ನ ನಿಲ್ಲುತ್ತದಲ್ಲ? ಗಂಡಿನ ಕಡೆಯವರು ಅವನು ಹೆಸರು ಕೂಗುವ ಮೊದಲೇ ಬಡಿಗೆಯಿಂದ ದವಡೆ ಒಡೆದರು. ಆಮೇಲೆ ಉಳಿದದ್ದನ್ನೂ ಒಡೆದರು. ಲಗ್ನ ಭಾಳ ಚಂದ ಆಯಿತಂತೆ.

ಸಂಘಪಾಲ ಓಡಿಹೋಗಿ ಕಂಬಳಿ ಹಿಡಿದ. ಒದ್ದೆಯಾಗಿತ್ತು. ಅಂಟುತ್ತಿತ್ತು.

“ಮುತ್ಯಾ, ಮನ್ಯಾಗ ಕೂಸು ಅದ. ಹೋಗಬ್ಯಾಡ.”

“ನೀ ಕೇಳಿದಿ.”

“ಇದು ವಾಡೇದ ಸುದ್ದಿ. ಅಲ್ಲೇ ಮುಟ್ಟಿಸು.”

ಅದು ಹಳ್ಳದ ಆಚೆ ನೋಡಿತು.

“ಅಲ್ಲಿ... ಬಡೀತಾರಪಾ.”

“ನಾ ಬರ್ತೇನಿ ಜೋಡಿ.”

ಹಳ್ಳ ದಾಟಿದರು. ವಾಡೆಯ ಮಂದಿ ಲಾತೂರ ಸೇರಿ ಎಷ್ಟೋ ವರ್ಷ. ಬಾಗಿಲಿಗೆ ತುಕ್ಕು ಹಿಡಿದ ಬೀಗ. ಅದರ ಮುಂದೆ ನಿಂತದ್ದೇ ತಡ... ಧಪ್.

ಬೆನ್ನಿಗೆ. ತಿರುಗಿ ನೋಡಿದರೆ ಯಾರೂ ಇಲ್ಲ. ಧಪ್... ಧಪ್... ಮೊಣಕಾಲ ಚಿಪ್ಪಿಗೆ ಬಿದ್ದದ್ದು ಟಕ್ ಅಂತು. ಪಕ್ಕೆಲುಬು ಹಸಿ ಜೋಳದ ದಂಟಿನ ಹಾಗೆ ಮುರಿಯಿತು, ಲಟಕ್. ಬಾಯಿ ತುಂಬ ರಕ್ತ, ರಕ್ತದಲ್ಲಿ ಹಲ್ಲು. ಮುತ್ಯಾನಿಗೆ ಒಂದೂ ಬೀಳಲಿಲ್ಲ. ಎಲ್ಲ ಇವನಿಗೇ.

“ಹೆಸರು ಕೂಗು ಮುತ್ಯಾ! ಕೂಗೋ!”

ಮುರಿದ ದವಡೆ ಅಲ್ಲಾಡಿತು. ಕೂಗು ಹೊರಡಲಿಲ್ಲ. ಸಂಘಪಾಲ ತೆವಳಿಕೊಂಡು ಹೋಗಿ, ಮುದುಕನ ಕಾಲು ಹಿಡಿದು ಎದ್ದು, ಆ ಬಾಯಿಗೆ ಕಿವಿ ಕೊಟ್ಟ. ತಲೆಗೊಂದು ಬಿತ್ತು. ಆದರೂ ಕೇಳಿಸಿಕೊಂಡ. ಇದ್ದ ಉಸಿರೆಲ್ಲ ಕೂಡಿಸಿ ಕೂಗಿದ:

“ರುಕ್ಮಾಬಾಯಿ ಹೋದಳ್ರೀ...!”

ಏಟು ನಿಂತವು.

ಬೀಗ ಹಾಕಿದ ವಾಡೆಯೊಳಗೆ ಬಳೆ ಸದ್ದು. ಝಣ್... ಆಮೇಲೆ ಎಳೆಯ ಹೆಣ್ಣುದನಿ: “ಅವ್ವಾ...”

ಬೆಳಗ್ಗೆ ಹಾಲಿನ ಟೆಂಪೋ ಯೂಸುಫ ಅವನನ್ನು ವಾಡೆಯ ಕಟ್ಟೆ ಮೇಲಿಂದ ಎತ್ತಿ ಬೀದರಕ್ಕೆ ತಂದ. ಎಷ್ಟು ಮಂದಿ ಹೊಡೆದರು ಅಂತ ಡಾಕ್ಟರು ಕೇಳಿದರು, ಪೊಲೀಸರು ಕೇಳಿದರು. ಲೆಕ್ಕದ ಮಾಸ್ತರನಿಗೆ ಲೆಕ್ಕ ಹತ್ತಲಿಲ್ಲ. ಅವನು ಕೇಳಿದ್ದು ಒಂದೇ, ಕೂಸು ಹ್ಯಾಂಗದ?

“ರಾತ್ರಿ ಒಂದ ಸಲನೂ ಅತ್ತಿಲ್ಲ,” ಅಂದಳು ಆಮ್ರಪಾಲಿ. “ಈಗ ನೀವ್ಯಾಕ ಅಳ್ತೀರಿ?”

ಅವನ ಅಂಗಿ ನಾನೇ ಒಗೆದೆ. ರಕ್ತ ಹೋಯಿತು. ಹೆಗಲ ಮೇಲೆ ಅರಿಶಿನದ ಐದು ಬೆರಳು ಮೂಡಿದ್ದವು, ಎಳೆಯ ಹೆಣ್ಣಿನ ಸಣ್ಣ ಕೈಯವು. ಸೋಪು ತಗುಲಿದರೆ ಅರಿಶಿನ ಕೆಂಪಾಗಬೇಕು. ಇದು ಆಗಲಿಲ್ಲ. ಹಳದಿಯಾಗಿಯೇ ಅದ. ಅಂಗಿ ಆ ಕಪಾಟಿನಾಗ ಅದ, ಬೇಕಾದರ ಎದ್ದು ನೋಡ್ರಿ. ಸುಳ್ಳು ಹೇಳಿ ನನಗೇನಾಗಬೇಕಾಗ್ಯದ?